ದುಂಡಮ್ಮನ ಮಟ್ಟ

ಚಿಕ್ಕಮ್ಮ ನಮ್ಮ ಪ್ರಯೋಗಾಲಯಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬಂದವಳು ಕೂರಲಿಲ್ಲ, ಹೇಗಿದ್ದೀಯ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಕಾಗದವನ್ನು ನನ್ನ ಸೂಕ್ಷ್ಮದರ್ಶಕದ ಪಕ್ಕಕ್ಕೆ ಪಟ್ಟನೆ ಇಟ್ಟಳು. ಅದರ ಮೂಲೆಗಳಲ್ಲಿ ಅಂಟು ಇನ್ನೂ ಹಸಿಯಾಗಿತ್ತು. ಬಾಗಿಲಿಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದಳು, ಜೊತೆಗೆ ಬಾಗಿಲಿನ ಬಣ್ಣವೂ ಒಂದಿಷ್ಟು ಕಿತ್ತು ಬಂದಿತ್ತು.

“ಓದು,” ಎಂದಳು.

ಓದಿದೆ. ನಗರಸಭೆಯ ನೋಟಿಸ್: ಹಿಂದಿನ ಬೀದಿಯ ನೆಲ ಕುಸಿಯುತ್ತಿದೆ, ಸಮುದ್ರ ಅದನ್ನು ಮೀರಿ ಏರುತ್ತಿದೆ, ಆದ್ದರಿಂದ ಬೀದಿಯ ಮನೆ ಮಳಿಗೆಗಳನ್ನೆಲ್ಲ ವರ್ಷ ಮುಗಿಯುವುದರೊಳಗೆ ತೆರವು ಮಾಡಬೇಕು, ತಕರಾರಿದ್ದವರು ಅಹವಾಲು ಸಭೆಯಲ್ಲಿ ಹೇಳಿಕೊಳ್ಳಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರ: ಉಪ್ಪುಜೌಗಿನ ಸೂಕ್ಷ್ಮಜೀವಿಗಳ ಅಧ್ಯಯನ. ಅಧ್ಯಯನ ಮಾಡಿದ ಸಂಸ್ಥೆ ನಮ್ಮದೇ.

“ಇದು ನಿನ್ನ ಕೆಲಸನಾ?”

“ಎರಡು ತಿಂಗಳಿಂದ ನಾನು ಊರಲ್ಲೇ ಇರಲಿಲ್ಲ ಚಿಕ್ಕಮ್ಮ. ದೂರದ ಅಳಿವೆಲಿ ಕೆಸರು ತುಳೀತಿದ್ದೆ. ನಿನ್ನೆ ಬಂದಿದ್ದೀನಿ.”

“ಹಾಗಾದ್ರೆ ಯಾರ ಕೆಲಸ?”

ನಾನು ಎದುರಿಗೆ ನೋಡಿದೆ. ನನಗೆ ಈ ಕೆಲಸ ಕಲಿಸಿದ ಮೇಷ್ಟ್ರ ಕೋಣೆಯ ಬಾಗಿಲು ಮುಚ್ಚಿತ್ತು.

“ನಿಮ್ಮ ಹುಡುಗಿ ಏನು ಕೆಲಸ ಮಾಡ್ತಾಳೆ ಅಂತ ಬಟ್ಟೆ ಹೊಲಿಸೋಕೆ ಬಂದೋರೆಲ್ಲ ಕೇಳ್ತಾರೆ. ಹುಳ ಎಣಿಸ್ತಾಳೆ ಅಂತೀನಿ. ಅವರು ನಗ್ತಾರೆ, ನಾನೂ ನಗ್ತೀನಿ. ಈಗ ನೋಡಿದ್ರೆ ಆ ಹುಳ ನನ್ನ ಮನೆಗೇ ಬಾಯಿ ಹಾಕಿದೆ.”

“ಅದು ಹುಳ ಅಲ್ಲ ಚಿಕ್ಕಮ್ಮ.”

“ಆನೆನೇ ಆಗಿರ್ಲಿ. ನಾನು ಏಳಲ್ಲ.”

ಹೇಳಿದ್ದನ್ನು ಹೇಳಿ ಹೊರಟುಹೋದಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಹಿಂದಿನ ಬೀದಿಯಲ್ಲಿ ಕೆಳಗೆ ಹೊಲಿಗೆ ಮಳಿಗೆ, ಮೇಲೆ ಮನೆ. ಆರು ಹೆಂಗಸರು ಅಲ್ಲಿ ಕೂತು ಆಸ್ಪತ್ರೆಯ, ಶಾಲೆಯ, ಹಡಗುಕಟ್ಟೆಯ ಸಮವಸ್ತ್ರ ಹೊಲಿಯುತ್ತಾರೆ. ನಾನು ಓದಿದ್ದು ಆ ಯಂತ್ರಗಳ ಸದ್ದಿನಲ್ಲೇ. ಈಗಲೂ ಸದ್ದಿಲ್ಲದ ಕೋಣೆಯಲ್ಲಿ ನನಗೆ ಒಂದು ಪುಟವೂ ತಲೆಗೆ ಹತ್ತುವುದಿಲ್ಲ.

ಹುಳವಲ್ಲ ಎಂದೆನಲ್ಲ, ಹಾಗಾದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಜೀವಕೋಶದ ಜೀವಿ, ಮರಳಿನ ಕಣಕ್ಕಿಂತ ದೊಡ್ಡದಲ್ಲ. ಸುತ್ತಲಿನ ಹೂಳಿನಿಂದ ಕಣಗಳನ್ನು ಆಯ್ದು, ತನ್ನದೇ ಅಂಟು ಹಾಕಿ, ಕೋಣೆ ಕೋಣೆಯಾಗಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಸಮುದ್ರದಂಚಿನ ಉಪ್ಪುಜೌಗಿನಲ್ಲಿ ಇವು ಕೋಟಿಗಟ್ಟಲೆ ಇವೆ, ಆದರೆ ಎಲ್ಲೆಂದರಲ್ಲಿ ಇರುವುದಿಲ್ಲ. ದೊಡ್ಡ ಉಬ್ಬರ ಬಂದಾಗ ಮಾತ್ರ ನೀರು ಮುಟ್ಟುವ ಎತ್ತರದ ಜೌಗಿನಲ್ಲಿ ಒಂದು ಜಾತಿ, ದಿನವೂ ಮುಳುಗೇಳುವ ತಗ್ಗಿನಲ್ಲಿ ಇನ್ನೊಂದು. ಎತ್ತರದವಳ ಕೋಣೆಗಳೆಲ್ಲ ಉಬ್ಬಿಕೊಂಡಿರುತ್ತವೆ, ಅದಕ್ಕೆ ನಾವಿಟ್ಟ ಹೆಸರು ದುಂಡಮ್ಮ. ತಗ್ಗಿನವನು ಚಪ್ಪಟಪ್ಪ. ಪುಸ್ತಕದಲ್ಲಿ ಇಬ್ಬರಿಗೂ ನಾಲಿಗೆ ಹೊರಳದ ಹೆಸರುಗಳಿವೆ. ದಿನವಿಡೀ ಕೂಗಿ ಕೂಗಿ ಎಣಿಸುವವರಿಗೆ ಅದೆಲ್ಲ ಆಗದ ಮಾತು.

ಸತ್ತ ಮೇಲೂ ಚಿಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಹೂಳು, ಹೂಳಿನ ಮೇಲೆ ಹೊಸ ಚಿಪ್ಪು. ಜೌಗಿಗೆ ಕೊಳವೆ ಇಳಿಸಿ, ಪದರ ಕದಡದ ಹಾಗೆ ಮಣ್ಣನ್ನು ಮೇಲೆತ್ತಿದರೆ ಅದನ್ನು ಕೋರ್ ಎನ್ನುತ್ತೇವೆ. ಅದರ ಬುಡದಲ್ಲಿ ಮುತ್ತಜ್ಜಿಯ ಮುತ್ತಜ್ಜಿಯ ಕಾಲ, ತುದಿಯಲ್ಲಿ ಇವತ್ತು. ಪ್ರತಿ ಪದರದಲ್ಲೂ ಯಾರೆಷ್ಟು ಎಂದು ಎಣಿಸಿದರೆ ಆಯಾ ಕಾಲದಲ್ಲಿ ಆ ನೆಲ ಸಮುದ್ರಕ್ಕಿಂತ ಎಷ್ಟು ಮೇಲಿತ್ತು ಎಂದು ಗೊತ್ತಾಗುತ್ತದೆ. ಉದ್ದಕ್ಕೂ ದುಂಡಮ್ಮನೇ ಇದ್ದರೆ ಜೌಗು ಸಮುದ್ರದ ಸಮಸಮಕ್ಕೆ ಬೆಳೆಯುತ್ತಾ ಬಂದಿದೆ ಎಂದರ್ಥ. ಮೇಲೆ ಬರುತ್ತಾ ದುಂಡಮ್ಮ ಮಾಯವಾಗಿ ಚಪ್ಪಟಪ್ಪ ತುಂಬಿಕೊಂಡಿದ್ದರೆ ನೆಲ ಸೋತಿದೆ, ನೀರು ಗೆದ್ದಿದೆ.

ಮೇಷ್ಟ್ರು ನಗರಸಭೆಗೆ ಕೊಟ್ಟ ವರದಿ ತೆರೆದೆ. ಹಿಂದಿನ ಬೀದಿಯ ಬೆನ್ನಿಗಿರುವ ಜೌಗಿನ ಕೋರ್. ಕೆಳಗಿನ ಅರ್ಧದಲ್ಲಿ ದುಂಡಮ್ಮ, ಮೇಲಿನ ಅರ್ಧದಲ್ಲಿ ಚಪ್ಪಟಪ್ಪ, ನಡುವೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ. ಆ ಗೆರೆ ಎಲ್ಲಿತ್ತು ಎಂದು ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಕೆಳಗಿನ ಅರ್ಧವನ್ನು ಎಣಿಸಿದವಳು ನಾನು. ಉಳಿದದ್ದನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ಹಾಕಿ, ಡಬ್ಬಿಗಳನ್ನು ತಣ್ಣನೆ ಕೋಣೆಯಲ್ಲಿಟ್ಟು ಕೆಲಸದ ಮೇಲೆ ಹೋಗಿದ್ದೆ. ನಾನು ಎಲ್ಲಿ ನಿಲ್ಲಿಸಿದ್ದೆನೋ ಸರಿಯಾಗಿ ಅಲ್ಲೇ ಸಮುದ್ರ ಗೆದ್ದಿತ್ತು. ಸಮುದ್ರಕ್ಕೆ ನನ್ನ ಪ್ರಯಾಣದ ಚೀಟಿ ತೋರಿಸಿದವರು ಯಾರು?

ತಣ್ಣನೆ ಕೋಣೆಗೆ ಹೋದರೆ ಅದು ಬಿಸಿಯಾಗಿತ್ತು, ಯಂತ್ರ ಕೆಟ್ಟಿತ್ತು. ಡಬ್ಬಿಗಳು ಖಾಲಿ. ಮೇಷ್ಟ್ರ ಮೇಜಿನಿಂದ ಮೇಲಿನ ಅರ್ಧದ ಸ್ಲೈಡುಗಳನ್ನು ತಂದು ನೋಡಿದೆ. ಚಪ್ಪಟೆಯೇನೋ ಹೌದು, ಆದರೆ ಹುಟ್ಟು ಚಪ್ಪಟೆಯಲ್ಲ. ಪ್ರತಿ ಕೋಣೆಯ ನಡುವೆಯೂ ಒಂದು ತಗ್ಗು, ಅಂಚಿನಲ್ಲಿ ಸುಕ್ಕು, ಗಾಳಿ ಹೋದ ಚೆಂಡಿನ ಹಾಗೆ. ಚಪ್ಪಟಪ್ಪನ ಅಂಚು ನುಣುಪಾಗಿರುತ್ತದೆ. ಇವರು ಎಣಿಸಿದ್ದು ಒಣಗಿ ಬತ್ತಿದ ದುಂಡಮ್ಮನನ್ನು.

ಮೇಷ್ಟ್ರು ಕೆಟ್ಟವರಲ್ಲ. ಮೂರೇ ಕೂದಲಿನ ಬ್ರಷ್ಷಿನಿಂದ ಒಂದೇ ಒಂದು ಚಿಪ್ಪನ್ನು ಎತ್ತಿ, ಬೀಳಿಸದೆ ಇನ್ನೊಂದು ತಟ್ಟೆಗೆ ಸಾಗಿಸುವುದನ್ನು ನನಗೆ ಕಲಿಸಿದವರು ಅವರು. ಆದರೆ ಅವರು ಹೆಸರು ಮಾಡಿದ್ದು ಸಮುದ್ರದ ತಳದ ಚಿಪ್ಪುಗಳಲ್ಲಿ. ಅವು ಸುಣ್ಣದ ಚಿಪ್ಪು, ಓವನ್‌ನಲ್ಲಿಟ್ಟರೂ ಮಿಸುಕುವುದಿಲ್ಲ. ಜೌಗಿಗೆ ಬಂದ ಮೇಲೂ ಅವರ ಕೈಗೆ ಹಳೆಯ ರೂಢಿ ಹೋಗಿರಲಿಲ್ಲ.

“ಸರ್, ಮೇಲಿನ ಅರ್ಧನ ಓವನ್‌ಗೆ ಹಾಕಿದ್ರಾ?” ಎಂದು ಕೇಳಿದೆ.

“ತಣ್ಣನೆ ಕೋಣೆ ಕೆಟ್ಟಿತ್ತಲ್ಲಮ್ಮ. ಡಬ್ಬಿಯೆಲ್ಲ ನಾರೋಕೆ ಶುರುವಾಗಿತ್ತು. ನಗರಸಭೆಯೋರು ಬೆಳಗಾದ್ರೆ ಫೋನ್ ಮಾಡ್ತಿದ್ರು. ಸಣ್ಣ ಶಾಖ ಅಷ್ಟೇ, ಅದಕ್ಕೇನೂ ಆಗಲ್ಲ.”

“ದುಂಡಮ್ಮಂದು ಅಂಟಿನ ಚಿಪ್ಪು ಸರ್. ಒಣಗಿದ್ರೆ ಒಳಗೆ ಕುಸಿಯುತ್ತೆ. ನೀವು ಚಪ್ಪಟಪ್ಪ ಅಂತ ಎಣಿಸಿರೋದು ಅವಳನ್ನೇ.”

ಅವರು ಕನ್ನಡಕ ತೆಗೆದು ಒರೆಸಿದರು. “ಗುರುವಿಗೇ ತಿರುಮಂತ್ರನಾ?”

“ನೀವೇ ಒಂದ್ಸಲ ನೋಡಿ. ಅಂಚಲ್ಲಿ ಸುಕ್ಕಿದೆ.”

“ನೋಡಿದ್ದೀನಿ. ನೀನು ಹುಟ್ಟೋಕೆ ಮುಂಚೆಯಿಂದ ನೋಡ್ತಿದ್ದೀನಿ.” ಕನ್ನಡಕ ಮತ್ತೆ ಮೂಗಿಗೇರಿತು. “ಅಲ್ಲಮ್ಮ, ಆ ಬೀದೀಲಿ ನಿನ್ನ ಚಿಕ್ಕಮ್ಮನ ಮನೆ ಇದೆ. ಈಗ ನೀನು ಹೊಸದಾಗಿ ಎಣಿಸಿ, ಬೀದಿಗೆ ಏನೂ ಆಗಿಲ್ಲ ಅಂದ್ರೆ ಯಾರು ನಂಬ್ತಾರೆ? ನಿನ್ನ ಮಾನನೂ ಹೋಗುತ್ತೆ, ಸಂಸ್ಥೆದೂ ಹೋಗುತ್ತೆ. ಕೊಟ್ಟ ವರದಿ ಕೊಟ್ಟಾಯ್ತು, ಬಿಟ್ಟುಬಿಡು.”

ಸಿಟ್ಟು ಬಂತು. ಅವರು ತಪ್ಪು ಮಾಡಿದ್ದಕ್ಕಲ್ಲ. ಯಾರ ಕೈ ತಪ್ಪುವುದಿಲ್ಲ? ಆ ತಪ್ಪಿನ ಮೇಲೆ ಕೂತು ನನಗೆ ಮಾನದ ಪಾಠ ಹೇಳಿದರಲ್ಲ, ಅದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಕೆಟ್ಟದ್ದು ನಮ್ಮ ತಣ್ಣನೆ ಕೋಣೆ, ಬರೆ ಬಿದ್ದದ್ದು ಒಂದು ಇಡೀ ಬೀದಿಗೆ.

“ನಾನು ಎಣಿಸಿದ್ರೆ ನಂಬಲ್ಲ ಅಲ್ವಾ? ಸರಿ, ನೀವೇ ಎಣಿಸಿ. ಹೊಸ ಕೋರ್ ತೆಗೆಯೋಣ. ಅಹವಾಲು ಸಭೆ ದಿನ, ಬೀದಿಯೋರ ಎದುರಿಗೇ, ಹಸಿಯಾಗೇ ಎಣಿಸಿ.”

“ಎಣಿಸ್ತೀನಿ,” ಎಂದರು. ಅವರಿಗೂ ರೋಷ ಬಂದಿತ್ತು. “ಚಪ್ಪಟಪ್ಪನೇ ಬಂದ್ರೆ?”

“ಬಂದ್ರೆ ಚಿಕ್ಕಮ್ಮನ ಯಂತ್ರಗಳನ್ನ ನಾನೇ ಹೊತ್ತು ಗಾಡಿಗೆ ಹಾಕ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಕೂತಾಗ ಅನುಮಾನ ಹುಟ್ಟಿತು. ಆ ಸುಕ್ಕು ಒಣಗಿದ್ದಕ್ಕೇ ಬಂದದ್ದು ಎಂದು ನನಗೆ ಖಾತ್ರಿಯಿತ್ತು, ಆದರೆ ಸುಕ್ಕುಬಿದ್ದವರೆಲ್ಲ ದುಂಡಮ್ಮಂದಿರೇ ಎಂದು ಹೇಳುವುದಕ್ಕೆ ಮೇಲಿನ ಅರ್ಧದಲ್ಲಿ ಒಂದು ಚಿಟಿಕೆ ಹಸಿ ಮಣ್ಣೂ ಉಳಿದಿರಲಿಲ್ಲ. ನಿಜವಾಗಿಯೂ ನೆಲ ಸೋತಿದ್ದರೆ? ಆ ಪ್ರಶ್ನೆಗೆ ಉತ್ತರ ಜೌಗಿನ ಹೊಟ್ಟೆಯಲ್ಲಿ ಮಾತ್ರ ಇತ್ತು.

ಚಿಕ್ಕಮ್ಮನಿಗೆ ವಿಷಯ ತಿಳಿಸಿದೆ. ಕಾಜ ಹಾಕುತ್ತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು.

“ನನ್ನ ಯಂತ್ರ ಪಣಕ್ಕಿಡೋಕೆ ನೀನ್ಯಾರೇ?”

“ಬಾಯಿಗೆ ಬಂತು, ಅಂದುಬಿಟ್ಟೆ.”

“ನಿಮ್ಮಮ್ಮಂದೂ ಇದೇ ಕಾಯಿಲೆ. ಮೂಗಿನ ತುದೀಲೇ ಕೋಪ.” ಸೂಜಿ ಮತ್ತೆ ಕೈಗೆ ಬಂತು. “ಅಹವಾಲು ಸಭೆನ ನಗರಸಭೆ ಮಹಡೀಲಿ ಮಾಡಿದ್ರೆ ನಮ್ಮ ಬೀದಿ ಮುದುಕಿಯರು ಹತ್ತೋಕಾಗಲ್ಲ. ನಮ್ಮ ಮಳಿಗೇಲೇ ಮಾಡಿ ಅಂತ ಹೇಳ್ತೀನಿ. ಕತ್ತರಿಸೋ ಮೇಜು ದೊಡ್ಡದಿದೆ. ಸೋತ್ರೂ ನನ್ನ ಮನೇಲೇ ಸೋಲ್ತೀನಿ.”

ಅವಳು ಹೇಳಿದ್ದನ್ನು ಸಾಧಿಸದೆ ಬಿಟ್ಟವಳೇ ಅಲ್ಲ. ಸಭೆ ಅಲ್ಲೇ ಆಯಿತು.

ಆ ದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಬೀದಿಗೆ ಬೀದಿಯೇ ಜೌಗಿನ ಅಂಚಿಗೆ ಬಂದು ನಿಂತಿತು. ನಗರಸಭೆಯ ಯೋಜನಾಧಿಕಾರಿ ಹೊಳೆಯುವ ಕಪ್ಪು ಬೂಟು ಹಾಕಿಕೊಂಡು ಬಂದಿದ್ದರು. ಎರಡೇ ಹೆಜ್ಜೆಗೆ ಒಂದು ಬೂಟು ಜೌಗಿನ ಪಾಲಾಯಿತು. ಅದನ್ನು ಎಳೆದು ಕೊಟ್ಟವಳು ಚಿಕ್ಕಮ್ಮ. “ಎತ್ತರದ ಜೌಗು ಸಾರ್, ಅದಕ್ಕೆ ವಾಪಸ್ ಕೊಡ್ತು. ತಗ್ಗಿಂದಾಗಿದ್ರೆ ನುಂಗಿಬಿಡ್ತಿತ್ತು,” ಎಂದಳು. ಅವರು ಒಳ್ಳೆಯ ಮನುಷ್ಯ, ನಕ್ಕರು. ಕೊಳವೆಯನ್ನು ಮೇಷ್ಟ್ರೇ ಇಳಿಸಿದರು. ಬಡಿದರೆ ಮಣ್ಣು ಅಮುಕಿ ಪದರಗಳು ಕುಗ್ಗುತ್ತವೆಂದು, ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ತಿರುಗಿಸುತ್ತಾ ನಿಧಾನವಾಗಿ ಒತ್ತಿದರು. ಅವರ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು. ನಾನು ಮುಟ್ಟಲಿಲ್ಲ, ಮುಟ್ಟಲು ಅವರು ಬಿಡಲೂ ಇಲ್ಲ.

ಮಳಿಗೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಸೂಕ್ಷ್ಮದರ್ಶಕಕ್ಕೆ ಹಾಕಿದೆವು. ಮೇಲಿನ ಅರ್ಧದ ಮಣ್ಣನ್ನು ಮೇಷ್ಟ್ರು ಬೆರಳ ದಪ್ಪಕ್ಕೆ ಹೋಳು ಮಾಡಿದರು. ಬಟ್ಟೆ ನೆನೆಸುವ ತೊಟ್ಟಿಯಲ್ಲಿ ಜರಡಿ ಹಿಡಿದು ಒಂದೊಂದು ಹೋಳನ್ನೂ ತೊಳೆದರು. ಕೊಳೆತ ಮೊಟ್ಟೆಯ ವಾಸನೆ ಮಳಿಗೆಯನ್ನೆಲ್ಲ ತುಂಬಿತು. ಕಿಟಕಿಯ ಹೊರಗೆ ನಿಂತಿದ್ದವರೂ ಮೂಗು ಮುಚ್ಚಿಕೊಂಡರು, ಆದರೆ ಒಬ್ಬರೂ ಕದಲಲಿಲ್ಲ.

ನಮ್ಮಲ್ಲಿ ಎಣಿಕೆಗೆ ಒಂದು ಕಟ್ಟಳೆಯಿದೆ. ಒಬ್ಬರು ಕಣ್ಣಿಟ್ಟು ಕೂಗುತ್ತಾರೆ, ಇನ್ನೊಬ್ಬರು ಎಣಿಕೆ ಡಬ್ಬಿಯ ಗುಂಡಿ ಒತ್ತುತ್ತಾರೆ. ಕೂಗುವವರಿಗೆ ಅದು ಯಾವ ಆಳದ ಮಣ್ಣೆಂದು ಹೇಳುವುದಿಲ್ಲ, ಮುಗಿಯುವವರೆಗೆ ಲೆಕ್ಕವನ್ನೂ ತೋರಿಸುವುದಿಲ್ಲ. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡತೊಡಗುತ್ತದೆ. ತಟ್ಟೆಗಳನ್ನು ಹಿಂದೆ ಮುಂದೆ ಮಾಡಿ ಒಂದೊಂದಾಗಿ ಮುಂದಿಡುವ ಕೆಲಸ ಹೊಲಿಗೆಯ ಹೆಂಗಸೊಬ್ಬಳದು. ಗುಂಡಿ ಒತ್ತಲು ನಾನು ಸಲ್ಲ, ಬೀದಿಯವರೂ ಸಲ್ಲ.

“ನೀವೇ ಒತ್ತಿ ಸರ್,” ಎಂದು ಡಬ್ಬಿಯನ್ನು ಯೋಜನಾಧಿಕಾರಿಯ ಕೈಗೆ ಕೊಟ್ಟೆ. “ಎಡಗಡೆ ದುಂಡಮ್ಮ, ಬಲಗಡೆ ಚಪ್ಪಟಪ್ಪ.”

“ಇವರೆಲ್ಲ ಯಾರು ಮೇಡಂ?” ಎಂದರು ಅವರು ಗಾಬರಿಯಾಗಿ. ಅವರು ವರದಿಗಳಲ್ಲಿ ಓದಿದ್ದ ಪುಸ್ತಕದ ಹೆಸರುಗಳಿಗೆ ಹೊಂದಿಸಿ ಹೇಳಿಕೊಟ್ಟೆ.

ಮೇಷ್ಟ್ರು ಬಗ್ಗಿದರು.

“ಚಪ್ಪಟಪ್ಪ,” ಎಂದರು.

ಗುಂಡಿ ಟಕ್ಕೆಂದಿತು.

“ಚಪ್ಪಟಪ್ಪ.”

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ. ಯಾವ ಯಂತ್ರದ ತೂಕ ಎಷ್ಟಿರಬಹುದು ಎಂದು ಯೋಚಿಸುತ್ತಿದ್ದೆ.

“ದುಂಡಮ್ಮ.” ಸ್ವಲ್ಪ ತಡೆದು, “ದುಂಡಮ್ಮ.” ಬ್ರಷ್ ಅಲುಗಿತು. “ದುಂಡಮ್ಮ. ದುಂಡಮ್ಮ. ಚಪ್ಪಟಪ್ಪ. ದುಂಡಮ್ಮ.”

ಆಮೇಲೆ ಅದು ನಿಲ್ಲಲೇ ಇಲ್ಲ. ತಟ್ಟೆಯ ಮೇಲೆ ತಟ್ಟೆ ಬಂತು, ಹೋಯಿತು. ಮೇಷ್ಟ್ರು ಬೇಕೆಂದಿದ್ದರೆ ಸುಳ್ಳು ಕೂಗಬಹುದಿತ್ತು. ಆ ಮಸೂರದೊಳಗೆ ಇಣುಕಿ ನೋಡುವವರು ಅವರೊಬ್ಬರೇ. ಆದರೆ ಒಂದು ಆಯುಷ್ಯವಿಡೀ ಕಂಡದ್ದನ್ನೇ ಕೂಗಿದ ಬಾಯಿ, ಅದಕ್ಕೆ ಬೇರೆ ಮಾತು ಬರಲಿಲ್ಲ. ಸ್ವರ ಮಾತ್ರ ಇಳಿಯುತ್ತಾ ಹೋಯಿತು. ಯೋಜನಾಧಿಕಾರಿಯ ಎಡ ಹೆಬ್ಬೆರಳು ನೋಯತೊಡಗಿ, ಬೆರಳು ಬದಲಿಸಿದರು.

“ಈ ದುಂಡಮ್ಮ ಯಾರ ಮನೆಯೋಳು?” ಎಂದು ಕಿಟಕಿಯಾಚೆ ಯಾರೋ ಕುಶಾಲು ಮಾಡಿದರು.

“ಸುಮ್ಮನಿರ್ರಿ. ನಮ್ಮ ಕಡೆ ಸಾಕ್ಷಿ ಅವಳು,” ಎಂದು ಚಿಕ್ಕಮ್ಮ ಗದರಿದಳು.

ಕೊನೆಯ ತಟ್ಟೆ ಮುಗಿದ ಮೇಲೂ ಮೇಷ್ಟ್ರು ಏಳಲಿಲ್ಲ. ನನ್ನ ಕಡೆ ತಿರುಗದೆಯೇ ಕೈ ಚಾಚಿ, “ಒಣ ಸ್ಲೈಡ್ ಕೊಡು,” ಎಂದರು. ಕೊಟ್ಟೆ. ಬಹಳ ಹೊತ್ತು ನೋಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಇವರೂ ಹಾಗೇ ಏನಾದರೂ ಹೇಳುತ್ತಾರೆಂದುಕೊಂಡೆ. ಅವರು ಎದ್ದು ನಿಂತು, ಬೀದಿಯವರ ಕಡೆ ತಿರುಗಿದರು.

“ಒಣಗಿಸಿದ್ದು ನಾನು,” ಎಂದರು. “ಒಣಗಿಸಬಾರದಿತ್ತು. ಅವಳು ಹೇಳಿದ್ದು ಸರಿ. ನನ್ನ ವರದಿ ತಪ್ಪು.”

ನನಗೆ ಗೆದ್ದ ಖುಷಿಯಾಗಬೇಕಿತ್ತು. ಅಳು ಬಂತು. ಅಷ್ಟು ಜನರ ಮುಂದೆ ಅವರು ನಿಂತ ರೀತಿ ನೋಡಿ, ಇವರ ಶಿಷ್ಯೆ ನಾನು ಎಂದು ಹೆಮ್ಮೆಯೂ ಆಯಿತು.

ಮಳಿಗೆಯಲ್ಲಿ ಗದ್ದಲವೋ ಗದ್ದಲ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯೋಜನಾಧಿಕಾರಿಗೂ ಹೊರೆ ಇಳಿದಂತಾಗಿತ್ತು, ಜನರನ್ನು ಎಬ್ಬಿಸುವುದು ಅವರಿಗೂ ಇಷ್ಟದ ಕೆಲಸವಲ್ಲ. ಮೇಜಿನ ಮೇಲೆ ಕಾಗದ ಹರಡಿ ಬರೆಯತೊಡಗಿದರು.

“ಹೊಳೆಯ ಆ ದಡದಲ್ಲಿ, ಹೊಸ ಕಟ್ಟಡ ಏಳ್ತಿರೋ ಬಂದರಿನ ಕಡೇನೂ ಉದ್ದಕ್ಕೂ ದುಂಡಮ್ಮನೇ ಬಂದಿತ್ತಲ್ವಾ ಮೇಡಂ? ಹೋದ ವರ್ಷ ನೀವೇ ಎಣಿಸಿದ್ರಿ. ನಾವು ಅದನ್ನ ‘ಸ್ಥಿರ’ ಅಂತ ಬರಕೊಂಡ್ವಿ. ಈ ಬೀದಿನೂ ಹಾಗೇ ಬರೀತೀನಿ. ಸ್ಥಿರ, ಅಪಾಯವಿಲ್ಲ, ನೋಟಿಸ್ ವಾಪಸ್. ಇಲ್ಲಿ ಸಹಿ ಹಾಕಿಬಿಡಿ.”

ಪೆನ್ನು ಕೈಗೆ ಬಂತು. ಒಂದು ಸಹಿ. ಬೀದಿ ಉಳಿಯುತ್ತದೆ, ಮಳಿಗೆ ಉಳಿಯುತ್ತದೆ. ಇಷ್ಟಕ್ಕೇ ತಾನೇ ನಾನು ಗುರುವಿನ ಎದುರು ನಿಂತದ್ದು? ಆದರೆ ‘ಸ್ಥಿರ’ ಎಂಬ ಆ ಪದವನ್ನು ಮತ್ತೊಮ್ಮೆ ಓದಿದೆ. ನಾನು ಹೋದ ವರ್ಷ ಬರೆದುಕೊಟ್ಟ ಪುಟಗಳಲ್ಲಿ ಆ ಪದ ಎಲ್ಲೂ ಇರಲಿಲ್ಲ.

“ಹಾಗೆ ಬರೀಬೇಡಿ,” ಎಂದೆ.

“ಯಾಕೆ?”

“ಉದ್ದಕ್ಕೂ ದುಂಡಮ್ಮ ಇದ್ರೆ ಸಮುದ್ರ ಏರಿಲ್ಲ ಅಂತ ಅಲ್ಲ. ಸಮುದ್ರ ಏರಿದ ಹಾಗೇ ಜೌಗೂ ಏರಿದೆ, ಹೂಳು ಕೂಡಿಸಿಕೊಂಡು ಕೂಡಿಸಿಕೊಂಡು. ಜೌಗು ಎಷ್ಟು ಬೆಳೆದಿದೆಯೋ ನೀರು ಅಷ್ಟು ಮೇಲೆ ಬಂದಿದೆ. ಹೋದ ವರ್ಷ ಆ ದಡದ ಪದರಗಳ ವಯಸ್ಸು ಅಳೆದಿದ್ವಿ, ಮೇಲಿನ ಪದರದಲ್ಲಿ ಮೊದಲಿಗಿಂತ ಬೇಗ ಬೆಳೀತಿದೆ, ಅಂದ್ರೆ ನೀರೂ ಬೇಗ ಬರ್ತಿದೆ. ಜೌಗು ಬೆಳೆಯುತ್ತೆ ಸರ್. ಈ ಬೀದಿ ಬೆಳೆಯಲ್ಲ. ಬಂದರಿನ ದಡದಲ್ಲಿ ನೀವು ಕಟ್ಟಿಸ್ತಿರೋ ಮಹಡಿಗಳ ಬುಡನೂ ಬೆಳೆಯಲ್ಲ.”

ಕಿಟಕಿಯಾಚೆ ಇದ್ದವರು ಒಳಕ್ಕೆ ತಲೆ ಚಾಚಿದರು.

“ಹಾಗಾದ್ರೆ ನೀರು ಬರುತ್ತಾ?” ಎಂದು ಯಾರೋ ಕೇಳಿದರು.

“ಬರುತ್ತೆ. ನಾಳೆ ಅಲ್ಲ, ನಾಡಿದ್ದಲ್ಲ. ಆದ್ರೆ ಬರುತ್ತೆ. ಎರಡೂ ದಡಕ್ಕೆ, ಒಂದೇ ಮಟ್ಟಕ್ಕೆ.”

“ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ,” ಎಂದಿತು ಹಿಂದಿನಿಂದ ಒಂದು ಗಂಡು ದನಿ. ನನ್ನನ್ನು ಎತ್ತಿ ಆಡಿಸಿದ ಎದುರುಮನೆಯ ಬಡಗಿ ಮಾವನ ದನಿ ಅದು. ಆ ಮಾತು ತಾಗಿತು. ನಾನು ತಿರುಗಿ ನೋಡಲಿಲ್ಲ.

ಯೋಜನಾಧಿಕಾರಿ ಸ್ವರ ತಗ್ಗಿಸಿದರು. “ನೋಡಿ ಮೇಡಂ, ನಿಮ್ಮವರು ಉಳಿದ್ರಲ್ಲ. ಬಂದರಿನ ಮಾತು ಇವತ್ತು ಯಾಕೆ? ಅದನ್ನ ಬರೆದ್ರೆ ಈ ನೋಟಿಸ್ ವಾಪಸ್ ತಗೊಳ್ಳೋ ಅಧಿಕಾರ ನಂಗಿರಲ್ಲ. ಎರಡೂ ದಡದ ಪ್ರಶ್ನೆ ಅಂತ ಮೇಲೆ ಹೋಗುತ್ತೆ. ಅಲ್ಲಿ ಏನಾಗುತ್ತೋ ನಾನು ಮಾತು ಕೊಡೋಕಾಗಲ್ಲ.”

“ಒಣಗಿದ ಸುಳ್ಳಿಗೆ ಬೀದಿ ಎಬ್ಬಿಸ್ಬೇಡಿ ಅಂತ ಜಗಳ ಆಡಿದೋಳು ನಾನು. ಹಸಿ ಸುಳ್ಳಿಗೆ ಸಹಿ ಹಾಕಿ ಬೀದಿ ಉಳಿಸಲಾ? ಹಾಕಲ್ಲ.”

ಪೆನ್ನನ್ನು ಮೇಜಿನ ಮೇಲಿಟ್ಟೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಆದರೆ ಚಿಕ್ಕಮ್ಮನ ಕಡೆ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಅವಳೇ ಬಂದು ನನ್ನೆದುರು ನಿಂತಳು. ಮುಖ ಕೆಂಪಾಗಿತ್ತು.

“ನೀನು ಹೇಳಿದ್ದು ನಿಜನಾ?”

“ನಿಜ.”

“ಆ ದಡಕ್ಕೂ?”

“ಆ ದಡಕ್ಕೂ.”

“ಅವರಿಗೆ ಗೊತ್ತಾ?”

“‘ಸ್ಥಿರ’ ಅಂತ ಓದಿರ್ತಾರೆ. ಗೊತ್ತಿರಲ್ಲ.”

ಆ ದಡದಲ್ಲಿ ಹೆರಿಗೆ ಆಸ್ಪತ್ರೆಗೆ ಪಾಯ ತೋಡಿದ್ದಾರೆ. ಅದರ ದಾದಿಯರ ಸಮವಸ್ತ್ರಕ್ಕೆ ಬಟ್ಟೆ ಚಿಕ್ಕಮ್ಮನ ಕಪಾಟಿನಲ್ಲೇ ಮಡಿಸಿಟ್ಟಿತ್ತು. ಅವಳು ಅದನ್ನು ನೆನೆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯೋಜನಾಧಿಕಾರಿಯ ಕಡೆ ತಿರುಗಿದಳು.

“ಅವಳು ಹೇಳಿದ ಹಾಗೇ ಬರೀರಿ ಸ್ವಾಮಿ.”

“ಅಮ್ಮಾ, ಹಾಗೆ ಬರೆದ್ರೆ ನಿಮ್ಮ ಮನೆ…”

“ನನ್ನ ಮನೆ ವಿಚಾರ ನನಗೆ ಬಿಡಿ. ನಿಮ್ಮ ನೆಲ ಮಾತ್ರ ಕೆಟ್ಟಿದೆ, ನೀವು ಮಾತ್ರ ಏಳಿ ಅಂತ ಬಾಗಿಲಿಗೆ ಅಂಟಿಸಿದ್ರಿ. ಆ ಮಾತು ಇವತ್ತಿಗೆ ಮುಗೀತು. ನೀರಿಗೆ ಅಡ್ಡ ಗೋಡೆ ಕಟ್ಟೋದಾದ್ರೆ ಎರಡೂ ದಡಕ್ಕೆ ಕಟ್ಟಿ. ಎಬ್ಬಿಸೋದಾದ್ರೆ ಎರಡೂ ದಡ ಎಬ್ಬಿಸಿ. ಆ ಕಡೆ ದೊಡ್ಡೋರೆಲ್ಲ ಮೊದಲ ಗಾಡಿ ಹತ್ಲಿ, ಅವರ ಹಿಂದೆ ನನ್ನ ಯಂತ್ರ ಹತ್ತುತ್ತೆ. ಅಲ್ಲೀವರೆಗೆ ಈ ಬೀದಿಗೆ ಯಾರೂ ಅಂಟಿನ ಡಬ್ಬಿ ಹಿಡಕೊಂಡು ಬರೋದು ಬೇಡ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರ ಮುಖದಲ್ಲೂ ಕೈಗೆ ಬಂದ ತುತ್ತು ಬಾಯಿಗೆ ಬರದ ಸಂಕಟವಿತ್ತು. ಆಮೇಲೆ ಬಡಗಿ ಮಾವ ಗಂಟಲು ಸರಿಮಾಡಿಕೊಂಡು, “ಬರೀರಿ ಸಾರ್,” ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯೋಜನಾಧಿಕಾರಿ ‘ಸ್ಥಿರ’ ಎಂಬುದನ್ನು ಹೊಡೆದುಹಾಕಿದರು. ನಾನು ಒಂದೊಂದೇ ವಾಕ್ಯ ಹೇಳಿದೆ, ಅವರು ಬರೆದುಕೊಂಡರು. ನನ್ನ ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ಮೇಷ್ಟ್ರು ತಮ್ಮ ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಮೇಜು ಒರೆಸತೊಡಗಿದಳು. ನಾನು ನೆಲದ ಕೆಸರು ತೊಳೆದೆ. ಮುಂದೇನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೇಲಿನವರು ಗೋಡೆ ಕಟ್ಟಿಸಬಹುದು, ಆ ಕಾಗದದ ಮೇಲೇ ಕೂತುಬಿಡಬಹುದು, ಎರಡೂ ದಡದವರಿಗೆ ಏಳಿ ಎನ್ನಬಹುದು.

“ಕೋಪನಾ?” ಎಂದು ಕೇಳಿದೆ.

“ಇರದೇ ಇರುತ್ತಾ? ಹೊಟ್ಟೆ ಉರೀತಿದೆ,” ಎಂದಳು. “ನನ್ನ ಮನೆ ಉಳಿಸ್ತಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.”

“ಆ ಸಹಿ ಹಾಕಿದ್ದಿದ್ರೆ ಉಳೀತಿತ್ತು ಚಿಕ್ಕಮ್ಮ.”

“ಮನೆ ಉಳೀತಿತ್ತು,” ಎಂದಳು. ಬಟ್ಟೆಯನ್ನು ತೊಟ್ಟಿಗೆ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. “ನಿನ್ನನ್ನ ಮಾತ್ರ ಆ ಮನೆಯಿಂದ ನಾನೇ ಎಬ್ಬಿಸ್ತಿದ್ದೆ.”

ಅಷ್ಟು ಹೇಳಿ ಯಂತ್ರದ ಮುಂದೆ ಕೂತಳು. ಮರುದಿನ ಬೆಳಿಗ್ಗೆ ಕೊಡಬೇಕಾದ ಅಂಗಿಗಳಿಗೆ ಇನ್ನೂ ತೋಳು ಕೂಡಿಸುವುದು ಬಾಕಿಯಿತ್ತು.